ಎಣ್ಣೆ ಮುಖದ ಸೋದರಮಾವ

ಟೆಕ್ಸಸ್‌ನ ಬೇಸಿಗೆಯಲ್ಲಿ ಯಾರ ಮುಖ ತಾನೇ ಹೊಳೆಯುವುದಿಲ್ಲ? ಕಾರಿನಿಂದ ಇಳಿದು ಅಂಗಡಿಯ ಬಾಗಿಲು ಮುಟ್ಟುವಷ್ಟರಲ್ಲಿ ಹಣೆ, ಮೂಗು, ಗದ್ದ ಎಲ್ಲ ಜಿಡ್ಡು. ಇದಕ್ಕೆ ಪರಿಹಾರ ಹೇಳದ ಬಾಯಿ ನಮ್ಮವರಲ್ಲಿ ಇಲ್ಲವೇ ಇಲ್ಲ. ಡಲ್ಲಾಸ್‌ನಲ್ಲಿ ಕಡಲೆಹಿಟ್ಟು ಅನ್ನುತ್ತಾರೆ, ಹ್ಯೂಸ್ಟನ್‌ನಲ್ಲಿ ನಿಂಬೆಹಣ್ಣು ಅನ್ನುತ್ತಾರೆ, ಆಸ್ಟಿನ್‌ನಲ್ಲಿ ಮುಲ್ತಾನಿ ಮಿಟ್ಟಿ ಅನ್ನುತ್ತಾರೆ. ಹೇಳುವವರಿಗೇನು, ಹೇಳಿ ಹೋಗುತ್ತಾರೆ. ಉರಿಯುವುದು ಹಚ್ಚಿಕೊಂಡವನ ಮುಖ.

ನಿಶ್ಚಲ್ ಹಚ್ಚಿಕೊಂಡವನು. ಮೈಸೂರಿನ ಹುಡುಗ, ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅಲ್ಲಿ ಒಂದು ಧೂಳಿನ ಕಣವೂ ಬೀಳಬಾರದೆಂದು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಹಾಕಿಸುತ್ತಾರೆ. ಕಣ್ಣು ಬಿಟ್ಟರೆ ಬೇರೇನೂ ಕಾಣದು. ಉಳಿದವರಿಗೆಲ್ಲ ಅದು ಕಿರಿಕಿರಿ. ನಿಶ್ಚಲ್‌ಗೆ ಮಾತ್ರ ಇಡೀ ದಿನದಲ್ಲಿ ನೆಮ್ಮದಿ ಸಿಗುತ್ತಿದ್ದದ್ದು ಅದರೊಳಗೇ. ಅಲ್ಲಿ ಯಾರಿಗೂ ಮುಖವಿಲ್ಲ.

ಶಿಫ್ಟ್ ಮುಗಿಸಿ ಉಡುಪು ಕಳಚಿದ ಕೂಡಲೇ ಮಾಸ್ಕ್ ಹಾಕಿಕೊಳ್ಳುತ್ತಿದ್ದ. ಅಂಗಡಿಗೆ ಹೋದರೂ ಮಾಸ್ಕ್, ಕಸ ಎಸೆಯಲು ಹೋದರೂ ಮಾಸ್ಕ್. ಶನಿವಾರದ ಕ್ರಿಕೆಟ್ ಬಿಟ್ಟ, ಯುಗಾದಿಯ ಊಟ ಬಿಟ್ಟ. ಗೆಳೆಯರು ಕರೆದು ಕರೆದು ಸುಮ್ಮನಾದರು. ಅನ್ನ ಸಾರು ಮಾಡಿ ಒಬ್ಬನೇ ನಿಂತುಕೊಂಡೇ ಉಣ್ಣುವುದು ಅಭ್ಯಾಸವಾಯಿತು.

ಇದೆಲ್ಲ ಶುರುವಾದದ್ದು ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ, ಅಕ್ಕ ಅನಘಾಳ ಮಗು ಸಿಯಾಳ ನಾಮಕರಣದ ದಿನ. ಊಟದ ಸಾಲಿನಲ್ಲಿ ಅನಘಾಳ ಪಕ್ಕದ ಮನೆಯ ರಾಜಲಕ್ಷ್ಮಿ ಆಂಟಿ ಇವನ ಮುಖ ನೋಡಿ, "ಅನಘಾ, ಬೋಂಡಕ್ಕೆ ಎಣ್ಣೆ ಸಾಲದಿದ್ರೆ ನಿನ್ನ ತಮ್ಮನ ಹಣೆ ಒರೆಸ್ಕೊಳ್ಳೆ" ಎಂದರು. ಎಲ್ಲರೂ ನಕ್ಕರು. ನಿಶ್ಚಲ್ ಕೂಡ ನಕ್ಕ. ತಮಾಷೆ ಮಾಡಿದವರು ಕೋಸಂಬರಿ ಬಡಿಸಿಕೊಂಡು ಮುಂದೆ ಹೋದರು. ಇವನು ಬಾತ್‌ರೂಮಿಗೆ ಹೋಗಿ ಸೋಪು ಹಚ್ಚಿ ಮುಖ ಉಜ್ಜಿದ. ಆವತ್ತು ಹಿಡಿದ ಸೋಪನ್ನು ಮತ್ತೆ ಬಿಡಲಿಲ್ಲ.

ಎದ್ದರೆ ಸೋಪು, ಉಂಡರೆ ಸೋಪು, ಮಲಗುವ ಮುಂಚೆ ಕಡಲೆಹಿಟ್ಟಿಗೆ ನಿಂಬೆರಸ. ಚರ್ಮ ಬಿಗಿದುಕೊಂಡು ಬಿರಿಯುವಂತಾದರೆ ಈಗ ಕ್ಲೀನ್ ಆಯಿತು ಎಂದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಜಿಡ್ಡು ವಾಪಸ್, ಜೊತೆಗೆ ಕೀವು ತುಂಬಿದ ಮೊಡವೆ. ಅಷ್ಟರಲ್ಲಿ ಹ್ಯೂಸ್ಟನ್‌ನ ಗೆಳೆಯ ಪ್ರಹ್ಲಾದ್ ಊರಿಗೆ ಹೋಗಿ ಬರುವಾಗ ಮೊಡವೆಗೆಂದು ಒಂದು ಕ್ರೀಮಿನ ಟ್ಯೂಬ್ ತಂದುಕೊಟ್ಟ. ನಮ್ಮವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಇಂಥದ್ದೊಂದು ಟ್ಯೂಬ್ ಇದ್ದೇ ಇರುತ್ತದೆ. ಡಾಕ್ಟರ ಚೀಟಿ ಇಲ್ಲ, ಏನಿಲ್ಲ. "ನಮ್ಮ ಚಿಕ್ಕಮ್ಮನಿಗೆ ಒಂದೇ ವಾರಕ್ಕೆ ಹೋಯ್ತು" ಎಂಬ ಮಾತೇ ಚೀಟಿ. ಇವನಿಗೂ ಮೊದಲು ಮುಖ ತಿಳಿಯಾಯಿತು. ಆಮೇಲೆ ಕೆಂಪಾಯಿತು. ಹಚ್ಚದಿದ್ದರೆ ಉರಿ, ಹಚ್ಚಿದರೆ ಮತ್ತಷ್ಟು ಮೊಡವೆ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಅನಘಾ ವೀಡಿಯೋ ಕಾಲ್ ಮಾಡಿದಾಗಲೆಲ್ಲ ಕ್ಯಾಮರಾ ಆಫ್ ಮಾಡಿಯೇ ಮಾತಾಡುತ್ತಿದ್ದ.

"ಮುಖ ತೋರ್ಸೋ."

"ನೆಟ್‌ವರ್ಕ್ ಸರಿ ಇಲ್ಲ ಕಣೇ."

"ಲೋಕಕ್ಕೆಲ್ಲ ಚಿಪ್ ಮಾಡೋ ಊರಲ್ಲಿ ನೆಟ್‌ವರ್ಕ್ ಇಲ್ವಂತೆ. ಇಲ್ಲಿ ಇವಳು ಕಪ್ಪು ಸ್ಕ್ರೀನನ್ನೇ ಮಾಮ ಅನ್ಕೊಂಡಿದಾಳೆ."

ಕಪ್ಪು ಪರದೆಯ ಹಿಂದಿನಿಂದ ನಿಶ್ಚಲ್ "ಟುವ್ವಿ ಟುವ್ವಿ, ಗುಬ್ಬಿ ಎಲ್ಲಿ?" ಅನ್ನುತ್ತಿದ್ದ. ಮಗು ಕೇಕೆ ಹಾಕಿ ಫೋನಿಗೆ ಕೆನ್ನೆ ಒತ್ತುತ್ತಿತ್ತು.

ಬೇಸಿಗೆಯಲ್ಲಿ ಒಂದು ದಿನ ಅನಘಾ, "ವಿಜಯದಶಮಿಗೆ ಕಿವಿ ಚುಚ್ಚಿಸ್ತೀವಿ. ಸೋದರಮಾವ ಅಂತ ಇರೋದು ನೀನೊಬ್ನೇ, ನೀನೇ ಮಡಿಲಲ್ಲಿ ಕೂರಿಸ್ಕೋಬೇಕು" ಎಂದಳು.

"ಶಿಫ್ಟ್ ಇರುತ್ತೆ ಅನ್ಸುತ್ತೆ."

"ಬರೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನು. ನಮ್ಮೆಜಮಾನ್ರ ಫ್ರೆಂಡ್ ಯಾರನ್ನಾದ್ರೂ ಕೂರಿಸ್ತೀನಿ. ಮಾವ ಇದ್ದೂ ಬೇರೆಯವರ ಮಡಿಲು." ಫೋನ್ ಇಟ್ಟುಬಿಟ್ಟಳು.

ನಿಶ್ಚಲ್ ಗೋಡೆ ನೋಡುತ್ತ ಕೂತ. ಹೋಗಬೇಕೆಂಬ ಆಸೆ ಬಹಳವಿತ್ತು. ಆದರೆ ಅಲ್ಲಿ ಫೋಟೋ ಇರುತ್ತದೆ. ಅಲ್ಲಿ ರಾಜಲಕ್ಷ್ಮಿ ಆಂಟಿ ಇರುತ್ತಾರೆ.

ಮರುದಿನ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಟವೆಲ್‌ಗಳನ್ನು ಮಷೀನಿಗೆ ಹಾಕುತ್ತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು.

"ಏನಪಾ, ಇಷ್ಟ್ ಟವೆಲ್ಲು? ಮನ್ಯಾಗ ಬಾಣಂತಿ ಅದಾಳೇನು?"

ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ್ದ ಆಕೆ ಕೆಳಮನೆಯ ನಿಶಿತಾಳ ತಾಯಿ ವಿಜಯಮ್ಮ. ಧಾರವಾಡದ ಒಂದು ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಹಿರಿಯ ನರ್ಸ್ ಆಗಿ ನಿವೃತ್ತರಾದವರು. ಮಗಳು ಕೆಲಸಕ್ಕೆ ಹೋದರೆ ಮಾತಿಗೆ ವಾಷಿಂಗ್ ಮಷೀನು ಬಿಟ್ಟು ಇನ್ನೊಂದು ಜೀವವಿಲ್ಲ.

"ಮುಖ ಒರೆಸೋವು ಆಂಟಿ."

"ಅಷ್ಟೂ ಮಕಕ್ಕ? ಮತ್ತ ಈ ಮಾಸ್ಕ್ ಯಾಕ? ಕರೋನಾ ಹೋಗಿ ಎಷ್ಟ್ ದಿನಾ ಆತು. ತಗಿ ನೋಡೂಣು."

"ಬೇಡ ಆಂಟಿ."

"ಜನ್ಮಾ ಪೂರ್ತಿ ಮಂದಿ ತೊಗಲಾ ನೋಡಿ ಬಂದಾಕಿ ನಾ. ನಿನ್ನ ಮಕಾ ನೋಡಿ ಹೆದರೂದಿಲ್ಲ, ತಗಿ."

ತೆಗೆದ. ಇನ್ನೇನು 'ಅಯ್ಯೋ' ಬರುತ್ತದೆ ಎಂದು ನೆಲ ನೋಡುತ್ತ ನಿಂತ.

"ಭಾಳ ಉರೀತದೇನು?" ಎಂದರು ವಿಜಯಮ್ಮ.

ಮುಖ ಹೇಗೆ ಕಾಣುತ್ತದೆ ಎಂದು ಎಲ್ಲರೂ ಹೇಳಿದ್ದರು. ನೋಯುತ್ತದೆಯೇ ಎಂದು ಇಷ್ಟು ದಿನ ಒಬ್ಬರೂ ಕೇಳಿರಲಿಲ್ಲ. ನಿಶ್ಚಲ್ ಹೌದೆಂದು ತಲೆ ಆಡಿಸಿದ. ಆಮೇಲೆ ಮಷೀನು ತಿರುಗುವಷ್ಟು ಹೊತ್ತೂ ನಿಲ್ಲಿಸದೆ ಹೇಳಿದ: ಬೋಂಡ, ಸೋಪು, ನಿಂಬೆರಸ, ಟ್ಯೂಬ್, ಅಕ್ಕನ ಸಿಟ್ಟು, ಎಲ್ಲ.

ವಿಜಯಮ್ಮ ಕೇಳಿದರು, "ಮನ್ಯಾಗ ಕಬ್ಬಿಣದ ದ್ವಾಸಿ ಹಂಚ ಅದ ಏನು?"

"ಅಮ್ಮ ಕಳಿಸಿದ್ದಿದೆ."

"ಅದನ್ನ ಸೋಪ್ ಹಚ್ಚಿ ಗಸಗಸ ತಿಕ್ಕಿದರ ದ್ವಾಸಿ ಏಳ್ತದೇನು?"

"ಎಲ್ಲಿ ಏಳುತ್ತೆ, ಹಿಡ್ಕೊಳ್ಳುತ್ತೆ."

"ಮತ್ತ? ಹಂಚಿಗೆ ತೆಳ್ಳಗ ಎಣ್ಣಿ ಬೇಕು, ಮಕಕ್ಕೂ ಬೇಕು. ಎಣ್ಣಿ ಅಂದ್ರ ಹೊಲಸಲ್ಲಪಾ. ಪೂರಾ ಕಿತ್ತಿ ತಗದ್ರ ತೊಗಲು ಒಣಗಿ ಕೆಂಪಾಗ್ತದ, ಮೊಡವಿ ಸಿಟ್ಟಿಗೇಳ್ತಾವ. ಲಿಂಬಿಹಣ್ಣು ಸಾರಿಗೆ ಹಿಂಡು."

"ಹಾಗಾದ್ರೆ ತೊಳೀಲೇ ಬಾರ್ದಾ?"

"ತೊಳಿ. ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ, ಬೆವತ್ರ ಇನ್ನೊಮ್ಮೆ. ಮೈ ತೊಳಿಯೂ ಸೋಪ್ ಬ್ಯಾಡ, ಸೌಮ್ಯ ಫೇಸ್‌ವಾಶ್ ತಗೋ. ಕೈಲೆ ಹಚ್ಚು, ತಿಕ್ಕಬ್ಯಾಡ. ಟವೆಲ್ ಮೆತ್ತಗ ಒತ್ತು. ಮ್ಯಾಲ ಹಗುರ ಮಾಯಿಶ್ಚರೈಸರ್."

"ಎಣ್ಣೆ ಮುಖಕ್ಕೆ ಕ್ರೀಮಾ? ಉರಿಯೋ ಬೆಂಕಿಗೆ ತುಪ್ಪ ಹುಯ್ದ ಹಾಗಲ್ವಾ ಆಂಟಿ?"

"ಡಬ್ಬಿ ಮ್ಯಾಲ ಓದು. ಆಯಿಲ್ ಫ್ರೀ, ನಾನ್ ಕಾಮೆಡೋಜೆನಿಕ್ ಅಂತ ಇರ್ತದ. ತೊಗಲಿನ ತೂತ ಮುಚ್ಚೂದಿಲ್ಲ ಅಂತ ಅರ್ಥ. ಹಗಲಿ ಅದರ ಮ್ಯಾಲ ಸನ್‌ಸ್ಕ್ರೀನ್, ಎಸ್‌ಪಿಎಫ್ ಮೂವತ್ತಕ್ಕಿಂತ ಕಡಿಮಿ ಬ್ಯಾಡ. ನಿಮ್ಮ ಕಾರ್ಖಾನಿ ಒಳಗ ಏನ್ ಹಚ್ಕೊಂಡು ಬರಬಹುದು ಅಂತ ಮೊದಲ ಕೇಳ್ಕೋ."

ಆ ಟ್ಯೂಬ್ ತೋರಿಸು ಎಂದಾಗ, ತರಲು ಮಹಡಿ ಹತ್ತಿ ಓಡಿದ. ವಿಜಯಮ್ಮ ಅದನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ಸಣ್ಣಕ್ಷರ ಓದಿದರು.

"ಇದರಾಗ ಸ್ಟಿರಾಯ್ಡ್ ಅದ ತಮ್ಮಾ. ಮೊದಲ ಚಂದ ಮಾಡ್ತದ. ಆಮ್ಯಾಲ ತೊಗಲು ತೆಳ್ಳಗ ಮಾಡಿ ಇದೆಲ್ಲಾ ಎಬಸ್ತದ. ಇಷ್ಟ್ ತಿಂಗಳಾ ಹಚ್ಚೀದಿ, ಇದನ್ನ ಹ್ಯಾಂಗ ಬಿಡೂದು ಅಂತ ಡಾಕ್ಟರ್ ಹೇಳ್ಬೇಕು, ನಾ ಹೇಳೂ ಮಾತಲ್ಲ. ಇವತ್ತೇ ಅಪಾಯಿಂಟ್‌ಮೆಂಟ್ ತಗೋ."

ಆಸ್ಟಿನ್‌ನ ಚರ್ಮದ ಡಾಕ್ಟರು ಮೊದಲು ವೀಡಿಯೋದಲ್ಲಿ ನೋಡುತ್ತೇನೆಂದರು. ಕ್ಯಾಮರಾ ಆನ್ ಮಾಡಲೇಬೇಕಾಯಿತು. ಎಷ್ಟೋ ತಿಂಗಳ ಮೇಲೆ ಅವನ ಮುಖ ಪರದೆಗೆ ಬಂತು, ಮೊದಲು ಹೆದರಿದವನು ಅವನೇ. ಡಾಕ್ಟರು ಟ್ಯೂಬ್ ಬಿಡುವ ಬಗೆ ಹೇಳಿದರು, ರಾತ್ರಿಗೆ ಒಂದು ಔಷಧಿ ಬರೆದರು. ಉಳಿದದ್ದೆಲ್ಲ ವಿಜಯಮ್ಮ ಹೇಳಿದ್ದೇ.

ಮೊದಮೊದಲು ಮುಖ ಇನ್ನೂ ಕೆಟ್ಟಿತು. ಟ್ಯೂಬಿಗೆ ಕೈ ಹೋಗುತ್ತಿತ್ತು. ಸಂಜೆಯಾದರೆ ವಿಜಯಮ್ಮ ಬಾಗಿಲು ಬಡಿಯುತ್ತಿದ್ದರು. "ಬಾ, ಒಂದು ರೌಂಡ್ ಹಾಕೂಣು. ಮಾಸ್ಕ್ ಮನ್ಯಾಗಿಡು." ಯಾರೂ ಇಲ್ಲದ ಫುಟ್‌ಪಾತಿನಲ್ಲಿ ಇಬ್ಬರೇ ನಡೆಯುತ್ತಿದ್ದರು. "ಇನ್ನೂ ಹೋಗಿಲ್ವಲ್ಲ ಆಂಟಿ" ಅಂದರೆ, "ಹೊಸಾ ಹಂಚ ಪಳಗೂದಕ್ಕೂ ತಿಂಗಳಗಟ್ಟಲೆ ಬೇಕು, ತಡಿ" ಅನ್ನುತ್ತಿದ್ದರು.

ಬರುತ್ತೇನೆಂದು ಅಕ್ಕನಿಗೆ ಮೊದಲೇ ಮೆಸೇಜ್ ಹಾಕಿ, ವಿಜಯದಶಮಿಯ ಬೆಳಿಗ್ಗೆ ಕಾಪೆಲ್‌ಗೆ ಡ್ರೈವ್ ಮಾಡಿದ. ಉರಿ ಹೋಗಿತ್ತು, ಮೊಡವೆ ಕಡಿಮೆಯಾಗಿತ್ತು, ಕಲೆಗಳು ಮಾತ್ರ ಹಾಗೇ ಇದ್ದವು. ಮನೆಯ ಮುಂದೆ ಕಾರು ನಿಲ್ಲಿಸಿ, ಜೇಬಿನಲ್ಲಿದ್ದ ಮಾಸ್ಕನ್ನು ಮುಟ್ಟಿ ನೋಡಿ, ಅದನ್ನು ಸೀಟಿನ ಮೇಲಿಟ್ಟು ಇಳಿದ. ಬಾಗಿಲು ತೆರೆದ ಅನಘಾ ಅವನ ಮುಖ ನೋಡಿದಳು. ನೆಟ್‌ವರ್ಕ್ ಯಾಕೆ ಸರಿ ಇರಲಿಲ್ಲವೆಂದು ಆಗ ಅವಳಿಗೆ ತಿಳಿಯಿತು. "ಒಳಗೆ ಬಾರೋ" ಎಂದಳು, ಅಷ್ಟೇ. ಕೈ ಹಿಡಿದು ಎಳೆದುಕೊಂಡಳು.

"ಏನೋ, ಮುಖದ ತುಂಬ ಕಲೆ ಇದ್ಯಲ್ಲೋ," ಎಂದರು ರಾಜಲಕ್ಷ್ಮಿ ಆಂಟಿ. "ನನ್ ಹತ್ರ ಒಂದು ಕ್ರೀಮ್ ಇದೆ, ಊರಿಂದ ತಂದಿದ್ದು."

"ಡಾಕ್ಟರ್ ಔಷಧಿ ನಡೀತಿದೆ ಆಂಟಿ. ಕ್ರೀಮ್ ಬೇಡ. ಬೋಂಡ ಇದ್ರೆ ಕೊಡಿ."

ಈ ಸಲ ಯಾರೂ ನಗಲಿಲ್ಲ.

ಪೂಜೆ ಮುಗಿದು ಕಿವಿ ಚುಚ್ಚಲು ನರ್ಸ್ ಬಂದರು. ಸಿಯಾಳನ್ನು ನಿಶ್ಚಲ್‌ನ ಮಡಿಲಲ್ಲಿ ಕೂರಿಸಿದ ಕೂಡಲೇ ಅವಳು ಅವನನ್ನು ನೋಡಿ ಕಿರುಚಿ ತಳ್ಳಿದಳು. ಅವಳಿಗೆ ಈ ಮುಖದ ಪರಿಚಯವೇ ಇರಲಿಲ್ಲ. ಅವಳ ಮಾಮ ಒಂದು ಕಪ್ಪು ಪರದೆ. ಮೊಡವೆಯ ಯಾವ ಉರಿಯೂ ನಿಶ್ಚಲ್‌ಗೆ ಇಷ್ಟು ನೋವು ಕೊಟ್ಟಿರಲಿಲ್ಲ. ಅವನು ಬಗ್ಗಿ ಮೆಲ್ಲಗೆ ಹೇಳಿದ:

"ಟುವ್ವಿ ಟುವ್ವಿ, ಗುಬ್ಬಿ ಎಲ್ಲಿ?"

ಅಳು ನಿಂತಿತು. ಸಿಯಾ ಅಮ್ಮನ ಕೈಯಲ್ಲಿ ಫೋನ್ ಹುಡುಕಿದಳು. ಇರಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ದನಿ ಬಂದ ಬಾಯಿಯ ಕಡೆಗೆ ಅವಳು ಕತ್ತೆತ್ತಿ ನೋಡಿದಳು. ಪುಟ್ಟ ಅಂಗೈಯನ್ನು ಕಲೆಯ ಕೆನ್ನೆಯ ಮೇಲಿಟ್ಟಳು. ಸೂಜಿ ಚುಚ್ಚಿದಾಗ ಅದೇ ಕೆನ್ನೆಗೆ ಮುಖ ಒತ್ತಿಕೊಂಡು ಅತ್ತಳು.

ಓದುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಎಣ್ಣೆ ಮುಖ ಕೊಳಕಲ್ಲ, ಅದನ್ನು ಉಜ್ಜಿ ಶಿಕ್ಷಿಸಬೇಡಿ. ಬೆಳಿಗ್ಗೆ ಸೌಮ್ಯವಾಗಿ ತೊಳೆದು, ಹಗುರ ಮಾಯಿಶ್ಚರೈಸರ್ ಹಚ್ಚಿ, ಮೇಲೆ ಸನ್‌ಸ್ಕ್ರೀನ್ ಹಚ್ಚಿ. ರಾತ್ರಿ ತೊಳೆದು, ಡಾಕ್ಟರು ಔಷಧಿ ಕೊಟ್ಟಿದ್ದರೆ ಅದನ್ನು ಹಚ್ಚಿ, ಮತ್ತೆ ಮಾಯಿಶ್ಚರೈಸರ್. ಎರಡು ಮೂರು ತಿಂಗಳು ತಾಳ್ಮೆ ಇರಲಿ. ಸೂಟ್‌ಕೇಸಿನಲ್ಲಿ ಬಂದ ಟ್ಯೂಬನ್ನು ಮುಖಕ್ಕೆ ಹಚ್ಚುವ ಮೊದಲು ಡಾಕ್ಟರಿಗೆ ತೋರಿಸಿ. ಈಗಾಗಲೇ ಹಚ್ಚುತ್ತಿದ್ದರೆ ಇವತ್ತೇ ತೋರಿಸಿ.

ಇನ್ನು ಊಟದ ಸಾಲಿನಲ್ಲಿ ನಿಂತು ಕಂಡವರ ಮುಖ ಅಳೆಯುವವರೇ, ಆ ಬಾಯಿಗೆ ಬೋಂಡ ಹಾಕಿಕೊಳ್ಳಿ, ಸಾಕು. ನಿಮ್ಮ ಒಂದು ನಗೆಗೆ ಒಬ್ಬ ಹುಡುಗ ತಿಂಗಳುಗಟ್ಟಲೆ ಒಬ್ಬನೇ ನಿಂತು ಉಂಡಿದ್ದಾನೆ. ನಿಮ್ಮ ಪಕ್ಕದ ಮನೆಯಲ್ಲೂ ಮಾಸ್ಕ್ ತೆಗೆಯದವನೊಬ್ಬ ಇರಬಹುದು. ಹೋಗಿ ಬಾಗಿಲು ಬಡಿಯಿರಿ. ಉರಿಯುತ್ತದೆಯೇನಪ್ಪ ಎಂದು ಕೇಳಿ.