ಹೆಸರಿಲ್ಲದ ಒಡಪಿಗೆ ನಾಲ್ಕೂವರೆ ಅಂಕ

ಉಮರ್ಗಾದ ವಾರಪತ್ರಿಕೆಯೊಂದರಲ್ಲಿ ಹೊಸ ಹಾಡುಗಳಿಗೆ ಅಂಕ ಹಾಕುವವನು ನಾನು, ಧೀರಜ. ಐದಕ್ಕೆ ಎರಡು ಕೊಡುವಾಗಲೂ ನನ್ನ ಕೈ ಹಿಂದೇಟು ಹಾಕುತ್ತದೆ. ಉದಗೀರದ ‘ಕರಿಭೂಮಿ’ ರಾಕ್ ಬ್ಯಾಂಡಿನ ಹುಡುಗರು ಕಾಸಾರಶಿರಸಿಯ ನಮ್ಮ ಮಾವಶಿ ಪ್ರಯಾಗಬಾಯಿಯ ಜೊತೆ, ಅಂದರೆ ನನ್ನ ತಾಯಿಯ ತಂಗಿಯ ಜೊತೆ, ಮಾಡಿದ ಹಾಡಿಗೆ ಮಾತ್ರ ನಾಲ್ಕೂವರೆ ಕೊಟ್ಟೆ. ‘ಪ್ರಯಾಗಬಾಯಿಯ ದನಿಯ ಮುಂದೆ ಗಿಟಾರು ಕೈಕಟ್ಟಿ ನಿಂತಿದೆ’ ಎಂದೂ ಬರೆದೆ. ಬರೆದು ಉಬ್ಬಿಹೋಗಿದ್ದೆ, ಮೂರ್ಖ.

ಮಾವಶಿ ಹಾಡಿದ್ದು ಒಡಪು, ಗಂಡನ ಹೆಸರು ಹೆಣೆದ ಪ್ರಾಸದ ಪದ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತಾಗ ಒಡಪಿನಲ್ಲಿ ಸೇರಿಸಿ ಹೇಳಬೇಕು, ಆಮೇಲೇ ಒಳಗೆ. ಮಾವಶಿಯ ಗಂಡ, ಅರಿವೆ ಅಂಗಡಿಯ ಬಸವಣ್ಣೆಪ್ಪ ಕಾಕಾ ತೀರಿಕೊಂಡು ಹನ್ನೊಂದು ವರ್ಷ. ವಿಧವೆಗೆ ಒಡಪು ಹೇಳೆಂದು ಯಾರೂ ಕೇಳುವುದಿಲ್ಲ. ಈ ಹುಡುಗರು ಕೇಳಿದ್ದರು. ಅದಕ್ಕೇ ಆಕೆ ಒಪ್ಪಿದ್ದು. “ಅವರ ಹೆಸರ ಇರಬೇಕು ನೋಡ್ರಪಾ” ಎಂಬುದೊಂದೇ ಕರಾರು.

ಭಾನುವಾರ ಪತ್ರಿಕೆ ಹಿಡಿದು ಹೋದೆ. ಫೋನಿನಲ್ಲಿ ಹಾಡು ಹಾಕಿಕೊಟ್ಟೆ. ಕಿವಿಗೆ ಹಿಡಿದು ಎರಡು ಸಲ ಕೇಳಿದಳು.

“ಧೀರಜ, ನಿಮ್ಮ ಕಾಕಾನ ಹೆಸರ ಎಲ್ಲದ?”

ಥೂ ನನ್ನ! ಆರು ಸಲ ಕೇಳಿ ಅಂಕ ಹಾಕಿದವನು ನಾನು. ‘ಗಜ ಹಿಡಿದು ಅಳಿತಾರ ಜರದಂಚಿನ ಸೀರಿ’ ಇದೆ. ‘ಬಾಗಲಾ ತೆರೀರಿ’ ಹದಿನಾರು ಸಲ ಇದೆ. ನಡುವೆ ಹೆಸರಿರಬೇಕಾದ ಕಡೆ ಡ್ರಮ್ಮು.

“ಹೆಸರಿಲ್ಲದ ಒಡಪು ಉಪ್ಪಿಲ್ಲದ ಪಲ್ಯ. ನಾಲ್ಕೂವರಿ ಯಾತಕ್ಕ ಕೊಟ್ಟಿ?”

“ತಪ್ಪಾತು ಮಾವಶಿ. ಮುಂದಿನ ವಾರ ಅಂಕ ವಾಪಸ್ ತಗೋತೀನಿ.”

“ನಿನ್ನ ಅಂಕ ಒಲಿಗಿ ಹಾಕು!”

ಅಷ್ಟರಲ್ಲಿ ಬ್ಯಾಂಡಿನ ವೈಭವ ತನ್ನ ಮೂವರು ಸಂಗಡಿಗರ ಜೊತೆ ಪೇಢೆಯ ಡಬ್ಬಿ ಹಿಡಿದು ಬಂದ. ಮಾವಶಿ ಎದ್ದು ಹೋಗಿ ಹೊಸ್ತಿಲಲ್ಲಿ ನಿಂತಳು, ಎರಡೂ ಕೈ ಚೌಕಟ್ಟಿಗೆ ಊರಿ.

“ಹೆಸರ ಯಾಕ ಕಡದ್ರಿ?”

“ಭಾಳ ಉದ್ದ ಅದರಿ ಮಾವಶಿ, ತಾಳಕ್ಕ ಕೂಡ್ಲಿಲ್ಲ.”

“ನಲವತ್ತ ವರ್ಷ ನನ್ನ ಬಾಯಾಗ ಕೂತದ, ನಿನ್ನ ತಾಳಕ್ಕ ಕೂಡಂಗಿಲ್ಲ? ಹೆಸರ ಹೇಳಿದವರಿಗಷ್ಟ ಬಾಗಲಾ.”

ನಾನು ಆಕೆಯ ತೋಳಿನ ಕೆಳಗೆ ನುಸುಳಿ ಹೊರಗೆ ಹೋಗಿ ಅವರ ಸಾಲಿನಲ್ಲೇ ನಿಂತೆ. ವೈಭವ ಡಬ್ಬಿಯ ಮೇಲೆ ತಾಳ ಬಡಿದ. ಐವರೂ ಹೇಳಿದೆವು, ಹೆಸರನ್ನು ಎಳೆದು, ಪೂರ್ತಿಯಾಗಿ. ಎದುರು ಮನೆಯವರು ಕಿಟಕಿ ತೆರೆದರು.

ಮಾವಶಿಯ ಕಣ್ಣು ತುಂಬಿದ್ದವು. ಕೈ ಮಾತ್ರ ಚೌಕಟ್ಟಿನಿಂದ ತೆಗೆಯಲಿಲ್ಲ.

“ಕೇಳಸಲಿಲ್ಲ,” ಎಂದಳು. “ಇನ್ನೊಮ್ಮಿ ಹೇಳ್ರಿ.”