ಪ್ರಫುಲ್ಲಾಳ ಮುದಿತನದ ದುಡ್ಡು

ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ಪ್ರಫುಲ್ಲಾ ೧೯೬೯ರ ದಸರಾ ರಜೆಗೆ ತನ್ನೂರು ಕೆರಾಡಿಗೆ ಬಂದವಳು, ಸ್ಕಾಲರ್‌ಶಿಪ್ಪಿನ ದುಡ್ಡನ್ನು ಮುದಿತನಕ್ಕೆಂದು ಕೂಡಿಡುತ್ತಿದ್ದೇನೆ ಎಂದಾಗ ಸೋದರಮಾವ ಚಂದಯ್ಯ ಶೆಟ್ಟರು ಬಾಯಲ್ಲಿದ್ದ ಎಲೆಯಡಿಕೆ ಹೊರಗೆ ಬರುವಷ್ಟು ನಕ್ಕರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಅವರು ಕಂಡಿದ್ದರು. ಹಲ್ಲು ಉದುರುವ ಮುಂಚೆ ಗಂಜಿಗೆ ನೀರಿಡುವವಳನ್ನು ಕಂಡದ್ದು ಇದೇ ಮೊದಲು.

"ಎಂತ ಹೆಣ್ಣೇ, ಗೇಣಿ ಅಕ್ಕಿ ನಿಂಗ್ ಸಾಕಾತಿಲ್ಯಾ?"

ಪ್ರಫುಲ್ಲಾಳಿಗೆ ನಗು ಬರಲಿಲ್ಲ. ಉಳುವವನಿಗೇ ಭೂಮಿ ಎಂಬ ಮಾತೆದ್ದು ಗೇಣಿಯ ಕಾಲ ಮುಗಿಯುತ್ತ ಬಂದದ್ದು ಪೇಪರು ಓದುವವರಿಗೆಲ್ಲ ಗೊತ್ತಿತ್ತು. ಸರಕಾರಿ ನೌಕರಿ ಸಿಕ್ಕರೆ ಪಿಂಚಣಿ, ಸಿಗದಿದ್ದರೆ? ವಿಮೆಯವರು ಮದುವೆ ಯಾವಾಗ ಎಂದೇ ಮೊದಲು ಕೇಳಿದರು. ಅಂಚೆ ಕಚೇರಿಯ ಖಾತೆಯಿಂದ ಬೇಕೆಂದಾಗ ತೆಗೆಯಬಹುದು, ಮನೆಯವರು ಬೇಕೆಂದಾಗಲೂ. ಕಡೆಗೆ ಕುಂದಾಪುರದ ಬ್ಯಾಂಕೊಂದರಲ್ಲಿ, ಆಗಷ್ಟೇ ಬಂದಿದ್ದ ಹದಿನೈದು ವರ್ಷದ ಭವಿಷ್ಯ ನಿಧಿಗೆ ಹಾಕಿದ್ದಳು. ಬೇಗ ತೆಗೆಯಲು ಬಾರದು ಎಂಬುದೇ ಅವಳಿಗೆ ಹಿಡಿಸಿತ್ತು.

ನಕ್ಕ ಶೆಟ್ಟರು ಸುಮ್ಮನೆ ಕೂರಲಿಲ್ಲ. ಕಂಬಳದ ಕೋಣದ ಜೋಡಿಯೊಂದನ್ನು ಕೊಳ್ಳುತ್ತೇನೆಂದು ನಾಲ್ಕು ಜನರೆದುರು ಮಾತು ಕೊಟ್ಟಿದ್ದರು, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಅಳಿಯಸಂತಾನದ ಮನೆ, ಆಸ್ತಿ ಹೆಂಗಸರ ಸಂತಾನಕ್ಕೆ, ರುಜು ಮಾತ್ರ ಯಜಮಾನ ಮಾವನದ್ದು. ವರ್ಷಗಟ್ಟಲೆ ಹೆಂಗಸರ ಪರವಾಗಿ ರುಜು ಹಾಕಿದವರು, ಅಕ್ಕನ ಮಗಳ ಖಾತೆಗೂ ಅದೇ ಸಾಕೆಂದು ಕುಂದಾಪುರದ ಬಸ್ಸು ಹತ್ತಿದರು. ಬ್ಯಾಂಕಿನ ಗುಮಾಸ್ತ ಉಮಾನಾಥ, ಆಕೆಯೇ ಬಂದರೂ ಈಗ ಕೊಡಲು ಬಾರದು, ನಿಮ್ಮ ರುಜುವಿಗೆ ಇಲ್ಲಿ ಕೆಲಸವಿಲ್ಲ ಎಂದುಬಿಟ್ಟ.

ಸಂಜೆ ಮನೆಯ ಜಗಲಿ ನಡುಗಿತು. "ಈ ಮನೆಯಂಗೆ ಇಪ್ಪುದಾರೆ ನನ್ ಮಾತ್ ಕೇಣ್ಕ್! ಇಲ್ದಿರೆ ಹೊರಗ್ ನಡಿ!"

ಪ್ರಫುಲ್ಲಾ ಜಗಲಿಯಿಂದ ಇಳಿಯಲಿಲ್ಲ. "ಗದ್ದಿಗ್ ನೀವ್ ಯಜಮಾನ್ರ್, ಮಾವ. ನನ್ ಮುದಿತನಕ್ಕ್ ನಾನೇ. ಕೊಡ್ತಿಲ್ಲೆ."

ಶೆಟ್ಟರು ಕೈ ಎತ್ತಿದರು. ಇಷ್ಟು ವರ್ಷ ತಮ್ಮನ ಮಾತಿಗೆ ಎದುರಾಡದ ತಾಯಿ ಸರಸ ಅಡುಗೆ ಮನೆಯಿಂದ ಬಂದು ಮಗಳ ಮುಂದೆ ನಿಂತರು.

"ಚಂದಯ್ಯ, ನಿನ್ ಮಕ್ಕಳ್ ಅವ್ರ್ ತಾಯಿಮನೆಯಂಗಿದ್ದೊ. ನೀ ಮುದ್ಕ ಆದ್ ಮೇಲೆ ಇಲ್ಲ್ ನಿನ್ನ ಕಾಂಬುದ್ ಯಾರ್? ಇವ್ಳೇ ಅಲ್ದಾ? ಇವ್ಳನ್ನೇ ಹೊರಗ್ ಹಾಕ್ತ್ಯಾ?"

ಎತ್ತಿದ ಕೈ ಹಾಗೇ ಇಳಿಯಿತು. ಆ ಪ್ರಶ್ನೆಯನ್ನು ಶೆಟ್ಟರು ಜನ್ಮದಲ್ಲಿ ಕೇಳಿಕೊಂಡಿರಲಿಲ್ಲ.

"ಕಾಣ್ತೆ ಮಾವ, ಬಿಟ್ಟ್ ಹಾಕ್ತಿಲ್ಲೆ," ಎಂದಳು ಪ್ರಫುಲ್ಲಾ. "ಆರೆ ಅದಕ್ಕೂ ದುಡ್ಡ್ ಬೇಕಲ್ದಾ? ನಾಳೆ ಬ್ಯಾಂಕಿಗ್ ಮತ್ತೂ ಹಾಕಿ ಬತ್ತೆ."