ಆವಾಜ ಇಳಿಸುವ ಗಾಡಿ

ಗಾಡಿ ಬಂದು ಏಳು ವಾರವಾಯಿತು. ಲೀಟರಿಗೆ ಇಪ್ಪತ್ತರ ಮೇಲೆ ಓಡುತ್ತದೆ. ಫ್ರಾನ್ಸ್ ದೇಶದ ಕಂಪನಿಯ ಸಣ್ಣ ಕಾರು. ಬೆಳಗಾವಿಯ ಶೋರೂಮಿನಲ್ಲಿ ಕೆಂಪು ಹೊದಿಕೆ ಸರಿಸಿ, ನನ್ನ ಕೈಗೆ ಥರ್ಮಾಕೋಲಿನ ದೊಡ್ಡ ಕೀಲಿ ಕೊಟ್ಟು ಫೋಟೋ ತೆಗೆದರು. ಫೋಟೋದಲ್ಲಿ ನಾನು, ಅಪ್ಪ, ಅವ್ವ ಇದ್ದೇವೆ. ಮೂವರಲ್ಲಿ ಒಬ್ಬರೂ ನಕ್ಕಿಲ್ಲ.

ಗಾಡಿ ಹೇಗಿದೆ ಎಂದು ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಚಲೋ ಐತಿ ಎಂದೇ ಹೇಳಿದ್ದೇನೆ. ಗುಂಡಿ ಬಿದ್ದ ರಸ್ತೆಯಲ್ಲೂ ಸೊಂಟ ಹಿಡಿಯುವುದಿಲ್ಲ. ಒಂದೇ ತಕರಾರು, ಇಂಡಿಕೇಟರಿನ ಕಡ್ಡಿ ಎಡಗಡೆ ಇದೆ, ವೈಪರಿನದು ಬಲಗಡೆ. ಹುಕ್ಕೇರಿಯ ಡ್ರೈವಿಂಗ್ ಕ್ಲಾಸಿನ ಗಾಡಿಯಲ್ಲಿ ಇದು ಉಲ್ಟಾ ಇತ್ತು. ಮೊದಲ ದಿನ ಘಟಪ್ರಭಾದ ಹತ್ತಿರ ತಿರುವಿನಲ್ಲಿ ಕೈ ಹಳೆಯ ರೂಢಿಗೆ ಹೋಯಿತು, ವೈಪರ್ ಒಣ ಗಾಜನ್ನು ಕರಕರ ಕೆರೆಯಿತು.

"ಮಳಿ ಎಲ್ಲೈತಿ ಯವ್ವಾ?" ಹಿಂದಿನ ಸೀಟಿನಿಂದ ಅಪ್ಪ ಕೇಳಿದ.

"ಆಕಿ ಗಾಡಿ, ಆಕಿ ಮಳಿ. ನೀ ಸುಮ್ಮ ಕುಂದ್ರ," ಅಂದಳು ಅವ್ವ.

ನಾನು ಅನುರಾಧಾ, ಹುಕ್ಕೇರಿಯಲ್ಲಿ ಸ್ಟಾಫ್ ನರ್ಸ್. ಅಪ್ಪ ಹನಮಂತ, ಅವ್ವ ಉದ್ದವ್ವ ಊರಲ್ಲಿದ್ದಾರೆ. ಅವ್ವನ ಎರಡೂ ಕಿಡ್ನಿ ಸೋತಿವೆ. ಮಂಗಳವಾರ, ಶನಿವಾರ ಗೋಕಾಕದಲ್ಲಿ ಡಯಾಲಿಸಿಸ್. ನನ್ನ ಖೋಲಿಗೆ ಬಾ ಎಂದರೆ ಮೂರನೆಯ ಮಹಡಿ ಹತ್ತಿಸಿ ಕೊಲ್ಲುತ್ತೀಯೇನು ಎನ್ನುತ್ತಾಳೆ. ಊರು ಮೂಡಲಗಿಯ ಕಡೆ. ಊರಿನ ಹೆಸರು ಬೇಡ. ಹೆಸರು ಹೇಳಿದರೆ ಉಳಿದ ಊರುಗಳು ಇದು ನಮ್ಮದಲ್ಲ ಎಂದು ನೆಮ್ಮದಿಯಾಗಿ ಮಲಗುತ್ತವೆ.

ನಮ್ಮ ಕೇರಿಗೆ ಒಂದೇ ದಾರಿ. ಒಂದು ಬದಿ ಕಾಲುವೆ, ಹಿಂದೆ ಕಬ್ಬು. ಡಾಂಬರು ರಸ್ತೆ ಮುಟ್ಟಬೇಕಾದರೆ ಊರಿನ ಅಗಸಿ, ಅಂದರೆ ಊರಬಾಗಿಲು, ದಾಟಲೇಬೇಕು. ಅಗಸಿಯ ಬಾಜೂ ಕಲ್ಲಿನ ಕಟ್ಟೆ, ಕಟ್ಟೆಗೆ ಬೇವಿನ ಗಿಡ, ಗಿಡಕ್ಕೆ ಮೊಳೆ ಹೊಡೆದು ತೂಗುಹಾಕಿದ ಬಸವಣ್ಣನ ಫೋಟೋ. ಆ ಫೋಟೋದ ಕೆಳಗೇ ಕೂತು ಹಿರಿಯರು ನಮ್ಮ ಸದ್ದನ್ನು ಕಾಯುತ್ತಾರೆ. ಕೇರಿಯವರು ಗಾಡಿ ಓಡಿಸಿಕೊಂಡು ಬಂದರೆ ಅಗಸಿಯ ಹತ್ತಿರ ಎಂಜಿನ್ ಬಂದ್ ಮಾಡಬೇಕು, ಇಳಿಯಬೇಕು, ಕಟ್ಟೆ ದಾಟುವ ತನಕ ನೂಕಿಕೊಂಡು ಹೋಗಬೇಕು. ಇದಕ್ಕೆ 'ಆವಾಜ ಇಳಿಸೋದು' ಎಂದು ಹೆಸರು. ಹಿಂದಿನಿಂದ ಬಂದದ್ದು ಎನ್ನುತ್ತಾರೆ. ನಮ್ಮ ಕೇರಿಗೆ ಮೊದಲ ಬೈಕು ಬಂದಾಗ ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಆ ಪದ್ಧತಿಗೆ ನನ್ನಷ್ಟೂ ವಯಸ್ಸಾಗಿಲ್ಲ.

ಕಾಕಾನ ಮಗ ಸ್ವಪ್ನಿಲ್ ಆರು ವರ್ಷದ ಹಿಂದೆ ಹೊಸ ಬೈಕು ತಂದು, ಇಳಿಯದೆ ಕಟ್ಟೆ ದಾಟಿದ. ಮರುದಿನ ಬೈಕು ಕಾಲುವೆಯಲ್ಲಿತ್ತು. ಮೂರನೆಯ ದಿನ ಅವನ ಎಡಗಾಲು ಮುರಿದಿತ್ತು. ಗಿರಣಿಯವನು ಕೇರಿಯ ಜೋಳ ಬೀಸಲಿಲ್ಲ, ಅಂಗಡಿಯ ಕಾಶೆವ್ವ ಕೇರಿಗೆ ಎಣ್ಣೆ ಅಳೆಯಲಿಲ್ಲ. ನಲವತ್ತೊಂದು ದಿನ. ಕಾಯ್ದೆ ಇತ್ತು, ಕೇಸೂ ಆಯಿತು. ಸಾಕ್ಷಿ ಹೇಳಬೇಕಾದವರ ಮನೆಮನೆಗೆ ಯಾರೋ ಹೋಗಿ ಬಂದರು. ಕೇಸು ಸತ್ತಿತು. ಸ್ವಪ್ನಿಲ್ ಈಗ ಕೊಲ್ಹಾಪುರದಲ್ಲಿ ಕುಂಟುತ್ತಾನೆ.

ಮೊದಲು ಭೀಮಶಿಯ ಆಟೋದಲ್ಲಿ ಅವ್ವನನ್ನು ಕರೆದೊಯ್ಯುತ್ತಿದ್ದರು. ಅವನು ಅಗಸಿಯ ಹೊರಗೇ ಇಳಿಸುತ್ತಿದ್ದ. ಡಯಾಲಿಸಿಸ್ ಮುಗಿಸಿ ಬಂದ ಅವ್ವ, ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗಟ್ಟುತ್ತಿದ್ದರೂ, ಅಪ್ಪನ ಹೆಗಲಿಗೆ ಜೋತು ಕಟ್ಟೆಯ ಮುಂದೆ ನಡೆಯುತ್ತಿದ್ದಳು. ಎರಡು ಸಲ ಬಿದ್ದಳು. ಎರಡನೆಯ ಸಲ ಬಿದ್ದ ವಾರವೇ ನಾನು ಶೋರೂಮಿಗೆ ಹೋದೆ.

ಗಾಡಿ ಕೈಗೆ ಬರುವ ಹಿಂದಿನ ದಿನ ಅಪ್ಪ ಫೋನ್ ಮಾಡಿದ.

"ಅಗಸಿ ಹಂತೇಕ ಒಂದ ನಿಮಿಷ ಬಂದ್ ಮಾಡಿಬಿಡ ಯವ್ವಾ. ಕಾರ್ ನೂಕಾಕ ಆಗೂದಿಲ್ಲಂತ ಅವರಿಗೂ ತಿಳಿತೈತಿ. ಬಂದ್ ಮಾಡಿದ್ರ ಸಾಕು."

"ಅವರ ಹೇಳಿದ್ರೇನು?"

"ಹೇಳೂದ್ಯಾಕ? ಅರವತ್ತ ವರ್ಷ ಆತು, ನಾ ಇಲ್ಲೇ ಅದೇನಿ."

"ನಾ ಬಂದ್ ಮಾಡೂದಿಲ್ಲಪಾ."



ಮರುದಿನ ಸಂಜೆ ಅಗಸಿಯ ಹತ್ತಿರ ಬಂದೆವು. ನಾನು ಕಟ್ಟೆಯ ಕಡೆ ನೋಡದೆ ದಾಟಬೇಕೆಂದು ಹಲ್ಲು ಕಚ್ಚಿದ್ದೆ. ಊರೊಳಗಿನ ಮುರಿಗೆಪ್ಪನ ಎಮ್ಮೆಗಳು ದಾರಿಗೆ ಅಡ್ಡ ಬಂದವು. ಬ್ರೇಕ್ ಹಾಕಿ, ಗೇರ್ ನ್ಯೂಟ್ರಲಿಗೆ ತಂದು ಕ್ಲಚ್ಚಿನಿಂದ ಕಾಲು ತೆಗೆದೆ. ಎಂಜಿನ್ ತಾನಾಗಿ ನಿಂತಿತು.

ಎಮ್ಮೆಗಳ ಗೊರಸಿನ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಗಾಡಿ ಕೆಟ್ಟಿತು ಎಂದುಕೊಂಡೆ. ಕಟ್ಟೆಯ ಮೇಲೆ ಗುರುಲಿಂಗಪ್ಪ ಸಾವಕಾರ ಕೂತಿದ್ದ. ಅವನ ಹೊಲಕ್ಕೆ ಅಪ್ಪ ನಲವತ್ತು ವರ್ಷ ನೀರು ಹಾಯಿಸಿದ್ದಾನೆ. ಸಾವಕಾರ ತಲೆದೂಗಿದ.

"ಹನಮ್ಯಾ, ಮಗಳು ಶಾಣ್ಯಾಕಿ ಅದಾಳಲೇ. ಆವಾಜ ಇಳಿಸಿದ್ಲು ನೋಡ."

"ಸಾಲಿ ಕಲ್ತಾಳ್ರಿ, ತಿಳುವಳಿಕಿ ಐತಿ," ಅಂದ ಮುರಿಗೆಪ್ಪ, ಎಮ್ಮೆಯ ಬೆನ್ನು ತಟ್ಟುತ್ತ.

ಗಾಬರಿಯಲ್ಲಿ ಕ್ಲಚ್ ಒತ್ತಿದೆ. ಎಂಜಿನ್ ಮತ್ತೆ ಶುರುವಾಯಿತು. ಮನೆಯ ಮುಂದೆ ಇಳಿದಾಗ ಅಪ್ಪ ಟವೆಲಿನಿಂದ ಕಣ್ಣು ಒರೆಸಿಕೊಂಡ. "ನನ್ನ ಮಾತ ಉಳಿಸಿದಿ ಯವ್ವಾ." ನಾನು ಅಲ್ಲ ಎನ್ನಲಿಲ್ಲ.

ಗಾಡಿಯ ಪುಸ್ತಕ ತೆಗೆದು ಓದಿದೆ. ನಿಂತಲ್ಲಿ ಪೆಟ್ರೋಲ್ ಸುಡಬಾರದೆಂದು ಎಂಜಿನ್ ತಾನೇ ನಿಲ್ಲುತ್ತದೆ, ಕ್ಲಚ್ ಒತ್ತಿದರೆ ತಾನೇ ಏಳುತ್ತದೆ. ಬೇಡವಾದರೆ ಒಂದು ಗುಂಡಿ ಇದೆ, ಎ ಅಕ್ಷರವನ್ನು ಸುತ್ತಿದ ಬಾಣದ ಗುರುತಿನದು. ಒತ್ತಿದರೆ ಕಿತ್ತಳೆ ದೀಪ ಹತ್ತುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಎಲ್ಲೋ ಯುರೋಪಿನಲ್ಲಿ ಯಾರೋ ಹೊಗೆ ಕಡಿಮೆಯಾಗಲೆಂದು ಕಂಡುಹಿಡಿದದ್ದು ನಮ್ಮೂರಿಗೆ ಬಂದು ಜಾತಿ ಕಾಯತೊಡಗಿತ್ತು.

ನಾನು ಆ ಗುಂಡಿ ಒತ್ತಲಿಲ್ಲ. ಕಥೆಯ ನಾಚಿಕೆ ಇರುವುದು ಇಲ್ಲಿ. ಅಗಸಿಯ ಮುಂದೆ ಒಂದು ಹಂಪ್ ಇದೆ. ಹಂಪಿಗೆ ಯಾರೂ ಪೂರ್ತಿ ನಿಲ್ಲಿಸುವುದಿಲ್ಲ, ನಾನು ನಿಲ್ಲಿಸುತ್ತಿದ್ದೆ. ನ್ಯೂಟ್ರಲ್, ಕ್ಲಚ್ಚಿನಿಂದ ಕಾಲು ಮೇಲೆ. ಎಂಜಿನ್ ಮಲಗುತ್ತಿತ್ತು. ಕಟ್ಟೆಯ ಮೇಲಿನ ತಲೆಗಳು ತೂಗುತ್ತಿದ್ದವು. ಗಾಡಿ ತಲೆಬಾಗಿತು, ನಾನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಡ್ಯಾಶ್‌ಬೋರ್ಡಿನ ಮೇಲಿದ್ದ ಬೆರಳುದ್ದದ ಬುದ್ಧನ ಕಡೆ ಆಗ ನೋಡುತ್ತಿರಲಿಲ್ಲ. ವಾರಕ್ಕೆ ಎರಡು ದಿನ, ದಿನಕ್ಕೆ ನಾಲ್ಕು ಸಲ. ಪ್ರತಿ ಸಲ ಅದೇ ಹೆದರಿಕೆ: ಇವತ್ತು ನಿಲ್ಲದಿದ್ದರೆ?

ಏಪ್ರಿಲ್ ಮೊದಲ ಶನಿವಾರ ಅದು ನಿಲ್ಲಲಿಲ್ಲ.

ಮಧ್ಯಾಹ್ನ ಎರಡೂವರೆ. ಗೋಕಾಕದಿಂದ ಹೊರಟಾಗಲೇ ಅವ್ವನಿಗೆ ವಾಂತಿಯಾಗಿತ್ತು. ಮುಂದಿನ ಸೀಟು ಹಿಂದಕ್ಕೆ ಒರಗಿಸಿ ಮಲಗಿಸಿದ್ದೆ. ಎಸಿ ಪೂರ್ತಿ ಹಾಕಿದ್ದೆ. ಹಂಪಿನ ಮುಂದೆ ನಿಲ್ಲಿಸಿ ಕ್ಲಚ್ಚಿನಿಂದ ಕಾಲು ತೆಗೆದೆ. ಎಂಜಿನ್ ಗುರ್ ಎನ್ನುತ್ತಲೇ ಇತ್ತು. ಆಗ ಪುಸ್ತಕದ ಸಾಲು ನೆನಪಾಯಿತು: ಸೆಕೆ ಹೆಚ್ಚಿ ಎಸಿಗೆ ಜೋರು ಕೆಲಸವಿದ್ದರೆ ಎಂಜಿನ್ ತಾನಾಗಿ ನಿಲ್ಲುವುದಿಲ್ಲ.

ಗುರುಲಿಂಗಪ್ಪ ಕಟ್ಟೆಯಿಂದ ಇಳಿದ. ಅವಸರವೇನೂ ಇರಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಂಡ. ಹಿಂದೆ ಮುರಿಗೆಪ್ಪ ಬಂದ. ಸಾವಕಾರ ಬಡಿಗೆಯ ತುದಿಯಿಂದ ನನ್ನ ಗಾಜು ತಟ್ಟಿದ. ನಾಲ್ಕು ಬೆರಳು ಗಾಜು ಇಳಿಸಿದೆ.

"ಯಾಕಬೇ, ಇವತ್ತ ಆವಾಜ ಇಳಿಲಿಲ್ಲ?"

"ಎಸಿ ಹಾಕೇನ್ರಿ. ಎಸಿ ಜೋರ ಇದ್ರ ಅದು ಬಂದ್ ಆಗೂದಿಲ್ರಿ."

"ಅದು ಬಂದ್ ಆಗೂದಿಲ್ಲ ಅಂದ್ರ? ಇಷ್ಟ ದಿನ ಯಾರ ಬಂದ್ ಮಾಡ್ತಿದ್ರು?"

ನಾನೇ ರೀ ಎಂದಿದ್ದರೆ ಮುಗಿಯುತ್ತಿತ್ತು. ರೋಗಿಗೆ ಏನಾಗಿದೆ ಎಂದು ಕೇಳಿದವರಿಗೆ ಇದ್ದದ್ದು ಹೇಳುವ ಆಸ್ಪತ್ರೆಯ ಅಭ್ಯಾಸವೋ ಏನೋ, ಖರೆ ಮಾತು ಹೊರಬಿತ್ತು.

"ಗಾಡಿನ ರೀ. ತಾನ ಬಂದ್ ಆಗತೈತಿ. ನಾ ಒಮ್ಮಿನೂ ಬಂದ್ ಮಾಡಿಲ್ರಿ."

ಹಿಂದಿನ ಸೀಟಿನಿಂದ ಅಪ್ಪ ಮುಂದಕ್ಕೆ ಬಾಗಿ ನನ್ನ ಹೆಗಲು ಹಿಡಿದ.

"ಹಂಗಾರ ಗಾಡಿಗಿ ಇರೂ ಬುದ್ಧಿ ನಿನಗಿಲ್ಲ ಅನ್ನು," ಮುರಿಗೆಪ್ಪ ನಕ್ಕ. ಸಾವಕಾರ ನಗಲಿಲ್ಲ.

"ಈಗ ನೀ ಬಂದ್ ಮಾಡ. ನಿನ್ನ ಕೈಯಿಂದ."

"ಮಾಡ ಯವ್ವಾ, ಆಫ್ ಮಾಡ," ಅಪ್ಪ ಬಾಗಿಲು ತೆರೆದು ಕೆಳಗಿಳಿದೇಬಿಟ್ಟ. "ಸಾವಕಾರ್ರ, ಹುಡುಗಿಗಿ ತಿಳಿಯಂಗಿಲ್ರಿ. ನಾ ನೂಕ್ತೇನ್ರಿ, ನಾ ಅದೇನಲ್ರಿ."

ಕನ್ನಡಿಯಲ್ಲಿ ಕಂಡಿತು. ಅಪ್ಪ ಟವೆಲನ್ನು ಸೊಂಟಕ್ಕೆ ಬಿಗಿದು, ಎರಡೂ ಕೈ ಗಾಡಿಯ ಹಿಂಬದಿಗೆ ಕೊಟ್ಟು ನೂಕತೊಡಗಿದ್ದ. ಎಂಜಿನ್ ಓಡುತ್ತಿರುವ ಗಾಡಿಯನ್ನು, ಅರವತ್ತು ದಾಟಿದ ಮನುಷ್ಯ, ಏಪ್ರಿಲ್ ಬಿಸಿಲಿನಲ್ಲಿ. ಗಾಡಿ ಒಂದು ಗೇಣು ಮುಂದಕ್ಕೆ ಸರಿಯಿತು.

"ಇರ್ಲಿ ಬಿಡ್ರಿ, ಮುದುಕ ನೂಕಾಕತ್ತಾನ," ಅಂದ ಮುರಿಗೆಪ್ಪ. ಸಾವಕಾರ ದಾರಿ ಬಿಟ್ಟು ಸರಿದು ನಿಂತ. ಅವನಿಗೆ ಅಷ್ಟು ಸಾಕಾಗಿತ್ತು. ನಾನು ಸುಮ್ಮನಿದ್ದರೆ ಸಾಕು, ಗಾಡಿ ಅಪ್ಪನ ಕೈಯಲ್ಲಿ ಉರುಳಿ ಕಟ್ಟೆ ದಾಟುತ್ತದೆ, ನಾವು ಬದುಕುತ್ತೇವೆ.

ಅವ್ವ ಕಣ್ಣು ತೆರೆಯದೆಯೇ ನನ್ನ ತೊಡೆಯ ಮೇಲೆ ಕೈಯಿಟ್ಟಳು. ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಉಬ್ಬಿದ ಕೈ.

"ಬಂದ್ ಮಾಡಬ್ಯಾಡ ಯವ್ವಾ. ತಂಪ ಹೋಗತೈತಿ. ನಿಮ್ಮಪ್ಪಗ ಒಳಗ ಬಾ ಅನ್ನು."

ನಾನು ಬ್ರೇಕ್ ಒತ್ತಿ ಹಿಡಿದೆ. ಅಪ್ಪ ಇನ್ನೂ ನೂಕುತ್ತಲೇ ಇದ್ದ. ಅವನ ಜೀವಮಾನದ ಬಲವೆಲ್ಲ ನನ್ನ ಪಾದದ ಕೆಳಗೆ ಬಂದು ಒತ್ತುತ್ತಿರುವಂತಿತ್ತು. "ಅಪ್ಪಾ, ಒಳಗ ಬಾ." ಕೇಳಿಸಲಿಲ್ಲ. "ಅಪ್ಪಾ!" ಮೂರನೆಯ ಸಲ ಕೂಗಿದಾಗ ಅವನು ಕೈ ತೆಗೆದ. ಕಟ್ಟೆಯ ಕಡೆ ನೋಡಿದ, ಗಾಡಿಯ ಕಡೆ ನೋಡಿದ. ಬಂದು ಕೂತ. ಗೇರ್ ಹಾಕಿದೆ. ಕನ್ನಡಿಯಲ್ಲಿ ಗುರುಲಿಂಗಪ್ಪ ಕದಲದೆ ನಿಂತಿದ್ದ. ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಸೋಮವಾರ ಅಪ್ಪನ ಫೋನ್ ಬಂತು. "ಗಿರಣಿಯಾವ ಜ್ವಾಳ ತಿರುಗಿಸಿ ಕಳಿಸ್ಯಾನ," ಅಂದ. "ನಾಳೆ ಬರ್ತಿಯಲ್ಲ?" ಎಂದು ಕೇಳಿದ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಅಗಸಿ ದಾಟಿದಾಗ ಕಟ್ಟೆ ಖಾಲಿ ಇತ್ತು. ಕೇರಿಯಲ್ಲಿ ಹಾಗಿರಲಿಲ್ಲ. ನಮ್ಮ ಮನೆಯ ಮುಂದೆ ಹತ್ತು ಹದಿನೈದು ಮಂದಿ. ಬಾಜೂ ಮನೆಯ ಅಲ್ಲವ್ವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಬಂದಳ್ಪಾ ಮಹಾರಾಣಿ. ನಿನ್ನ ತಂಪ ಗಾಳಿಗಿ ನಮ್ಮ ಒಲಿ ಆರಿದ್ವಲ್ಲ?"

ಏನು ಹೇಳಲಿ? ಅವಳ ಮನೆಯಲ್ಲಿ ಬಾಣಂತಿ ಇದ್ದಾಳೆ. ನಲವತ್ತೊಂದು ದಿನದ ಲೆಕ್ಕ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. "ತಪ್ಪಾತು ಅತ್ತಿ" ಎನ್ನಲು ಬಾಯಿ ತೆರೆದೆ.

"ಹಿಂದಿನ ಡಿಕ್ಕಿ ತಗಿ," ಅಂದಳು.

"ಏನಬೇ?"

"ಕಿವಿ ಕೇಳೂದಿಲ್ಲೇನ? ಡಿಕ್ಕಿ ತಗಿ. ಗೋಕಾಕದಾಗ ಗಿರಣಿ ಇಲ್ಲೇನ? ನಿಮ್ಮವ್ವಗ ನಾಕ ತಾಸ ಮಸೀನ ಹಚ್ಚತಾರ, ಅಷ್ಟ ಹೊತ್ತು ನೀ ಏನ ಹಾಡಾ ಹಾಡ್ತಿ? ಬೀಸಿಕೊಂಡ ಬಾ."

ಏಳು ಮನೆಯ ಜೋಳದ ಚೀಲ ಬಂದವು. ಡಿಕ್ಕಿ ತುಂಬಿತು, ಹಿಂದಿನ ಸೀಟಿನ ಅರ್ಧ ತುಂಬಿತು. ಗಾಡಿ ಕುಕ್ಕರಿಸಿತು. ಚೀಲಗಳ ಬಾಜೂ ಉಳಿದ ಜಾಗದಲ್ಲಿ ಅವ್ವ ಒರಗಿದಳು, ಅಲ್ಲವ್ವನ ಚೀಲವನ್ನೇ ತಲೆದಿಂಬು ಮಾಡಿಕೊಂಡು. ಹಾಗಾಗಿ ಅಪ್ಪ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತ. ಇಷ್ಟು ದಿನ ಅಗಸಿ ಬಂದಾಗ ಹಿಂದೆ ಬಗ್ಗಿ ಕೂರುತ್ತಿದ್ದವನಿಗೆ ಇಲ್ಲಿ ಬಗ್ಗಲು ಜಾಗವಿರಲಿಲ್ಲ. ಎದುರಿಗೆ ದೊಡ್ಡ ಗಾಜು.

ಕೇರಿಯ ತಿರುವಿನಿಂದಲೇ ಕಟ್ಟೆ ಕಂಡಿತು. ಈಗ ಖಾಲಿ ಇರಲಿಲ್ಲ. ಒಂಬತ್ತು ಮಂದಿ. ಮೂವರು ಹಂಪಿನ ಮೇಲೆ, ದಾರಿಯಲ್ಲೇ ನಿಂತಿದ್ದರು. ನಿಲ್ಲಿಸಲೇಬೇಕು. ಬೆಳಗಿನ ತಂಪಿತ್ತು, ಎಸಿ ಬೇಕಿರಲಿಲ್ಲ. ನಾನು ನಿಲ್ಲಿಸಿದರೆ ಎಂಜಿನ್ ತಾನಾಗಿ ನಿಲ್ಲುತ್ತಿತ್ತು. ಅವರಿಗೆ ಬೇಕಿದ್ದ ಮೌನ ಗಾಡಿಯ ಕಡೆಯಿಂದ ಬಿಟ್ಟಿ ಸಿಗುತ್ತಿತ್ತು.

ನಾನು ಬೆರಳು ಚಾಚಿದೆ. ಎ ಅಕ್ಷರ, ಅದನ್ನು ಸುತ್ತಿದ ಬಾಣ. ಒತ್ತಿದೆ. ಕಿತ್ತಳೆ ದೀಪ ಹತ್ತಿತು.

"ಅದೇನ ಯವ್ವಾ?" ಅಪ್ಪ ಕೇಳಿದ.

"ಇನ್ನ ಬಂದ್ ಆಗೂದಿಲ್ಲಪಾ."

ಅಪ್ಪ ಆ ದೀಪವನ್ನೇ ನೋಡಿದ. ತೆಗಿ ಎನ್ನಲಿಲ್ಲ. ಸೀಟಿನ ಬೆಲ್ಟು ಎಳೆದು ಸಿಕ್ಕಿಸಲು ನೋಡಿದ, ಸಿಕ್ಕಲಿಲ್ಲ, ನಾನೇ ಸಿಕ್ಕಿಸಿದೆ.

ಅಗಸಿಯ ತಿರುವಿನಲ್ಲಿ ಇಂಡಿಕೇಟರ್ ಹಾಕಲು ಹೋದೆ. ಕೈ ತಪ್ಪಿ ವೈಪರ್ ಹತ್ತಿ ಒಣ ಗಾಜನ್ನು ಕರಕರ ಕೆರೆಯತೊಡಗಿತು. ಮಳೆ ಎಲ್ಲಿದೆ ಎಂದು ಈ ಸಲ ಅಪ್ಪ ಕೇಳಲಿಲ್ಲ. ನನಗೂ ಅದನ್ನು ನಿಲ್ಲಿಸುವ ಕೈ ಬರಲಿಲ್ಲ. ಹಂಪಿನ ಮುಂದೆ ಬ್ರೇಕ್ ಹಾಕಿ, ನ್ಯೂಟ್ರಲಿಗೆ ತಂದು, ಕ್ಲಚ್ಚಿನಿಂದ ಕಾಲು ತೆಗೆದೆ. ಗುರುಲಿಂಗಪ್ಪ ಬಡಿಗೆಯೂರಿ ಎದ್ದ. ಚಪ್ಪಲಿ ಹುಡುಕಿದ.

ಏಳು ಮನೆಯ ಜೋಳ ಹೊತ್ತುಕೊಂಡು ಎಂಜಿನ್ ಓಡುತ್ತಲೇ ಇತ್ತು.